ಕಾಲೇಜಿನಲ್ಲಿ ಓದುತ್ತಲೇ ವೆಲ್ಡಿಂಗ್ ಕಲಿಯುವ ಬಗೆ: ಮೊದಲ ಇನ್ನೂರು ರಾಡುಗಳ ಲೆಕ್ಕ

2.5 ಮಿಲಿಮೀಟರ್ ದಪ್ಪ ಮತ್ತು 350 ಮಿಲಿಮೀಟರ್ ಉದ್ದದ ಒಂದು ವೆಲ್ಡಿಂಗ್ ರಾಡು ಉರಿದು ಮುಗಿಯಲು ಸುಮಾರು ಒಂದು ನಿಮಿಷ ಹಿಡಿಯುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಹಳೆಯ ಪಠ್ಯಕ್ರಮದಂತೆ ಮೊದಲ ವರ್ಷದ ವರ್ಕ್‌ಶಾಪ್ ಪ್ರಯೋಗಾಲಯದಲ್ಲಿ ಬಟ್ (ಅಂಚಿಗೆ ಅಂಚು ಕೂಡಿಸಿದ್ದು), ಲ್ಯಾಪ್ (ಒಂದರ ಮೇಲೊಂದು ಹೊದಿಸಿದ್ದು), ಟಿ ಮತ್ತು ಎಲ್ ಎಂಬ ನಾಲ್ಕು ಬಗೆಯ ಜೋಡಣೆಗಳನ್ನು ಮಾಡಿಸುತ್ತಿದ್ದರು. ನಾನು ಓದುತ್ತಿದ್ದಾಗ ನಮ್ಮ ತಂಡದ ಇಪ್ಪತ್ತು ಮಂದಿಗೆ ಎರಡೇ ಯಂತ್ರಗಳಿದ್ದವು. ಒಬ್ಬೊಬ್ಬರ ಪಾಲಿಗೆ ಬಂದದ್ದು ಮೂರು ಅಥವಾ ನಾಲ್ಕು ರಾಡುಗಳು. ಅಂದರೆ ಮೆಕ್ಯಾನಿಕಲ್ ಎಂಜಿನಿಯರ್ ಎಂಬ ಪದವಿ ಪಡೆದು ಹೊರಬಂದ ನಮ್ಮಲ್ಲಿ ಹೆಚ್ಚಿನವರು ಬದುಕಿನಲ್ಲಿ ಒಟ್ಟು ನಾಲ್ಕು ನಿಮಿಷ ಮಾತ್ರ ಬೆಸುಗೆ ಹಾಕಿದ್ದೆವು. ವೆಲ್ಡಿಂಗ್ ಕಲಿಯುವುದನ್ನು ದಿನಗಳಲ್ಲಿ ಅಥವಾ ತರಗತಿಗಳಲ್ಲಿ ಲೆಕ್ಕ ಹಾಕಬಾರದು, ಉರಿಸಿದ ರಾಡುಗಳಲ್ಲಿ ಲೆಕ್ಕ ಹಾಕಬೇಕು ಎಂಬುದು ನನಗೆ ಅರ್ಥವಾದದ್ದು ಆಮೇಲೆ, ಎರಡನೆಯ ವರ್ಷದ ಶನಿವಾರಗಳನ್ನು ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಕಳೆದ ಮೇಲೆ.

ಈ ಗಾತ್ರದ ರಾಡುಗಳು ಒಂದು ಕೆಜಿಗೆ ಸುಮಾರು 50 ಬರುತ್ತವೆ. ಇನ್ನೂರು ರಾಡು ಎಂದರೆ ನಾಲ್ಕು ಕೆಜಿ, ಉರಿಯುವ ಹೊತ್ತಿನ ಲೆಕ್ಕದಲ್ಲಿ ಮೂರು ಗಂಟೆಗೆ ತುಸು ಹೆಚ್ಚು. ಕತ್ತರಿಸುವುದು, ಉಜ್ಜುವುದು, ತಣಿಯಲು ಕಾಯುವುದು, ಮುರಿದು ನೋಡುವುದು ಎಲ್ಲವನ್ನೂ ಸೇರಿಸಿದರೆ ಒಂದು ಸೆಮಿಸ್ಟರಿನ ಶನಿವಾರಗಳು ಅದಕ್ಕೆ ಸಾಕಾಗುತ್ತವೆ. ಶೆಡ್ಡಿನಲ್ಲಿ ಕೆಲಸ ಮಾಡುವ ಹುಡುಗ ಇಷ್ಟು ರಾಡುಗಳನ್ನು ಒಂದು ವಾರದಲ್ಲಿ ಉರಿಸಿಬಿಡುತ್ತಾನೆ, ಆ ವಿಷಯದಲ್ಲಿ ವಿದ್ಯಾರ್ಥಿಯು ಅವನಿಗೆ ಸಮನಾಗಲಾರ. ಆದರೆ ಅವನು ಹಾಕಿದ ಬೆಸುಗೆ ಸಂಜೆಯೊಳಗೆ ಗೇಟಾಗಿ, ಕಿಟಕಿಯ ಸರಳಾಗಿ ಗಿರಾಕಿಯ ಮನೆ ಸೇರುತ್ತದೆ. ಅದನ್ನು ಒಡೆದು ಒಳಗೆ ಏನಾಗಿದೆ ಎಂದು ನೋಡುವ ಅವಕಾಶ ಅವನಿಗೆ ಸಿಗುವುದಿಲ್ಲ. ವಿದ್ಯಾರ್ಥಿಗೆ ಆ ಅವಕಾಶವಿದೆ. ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಒತ್ತಿ ಹೇಳುವುದು ಇದನ್ನೇ: ಮೊದಲ ಇನ್ನೂರು ರಾಡುಗಳಿಂದ ಹಾಕಿದ ಒಂದು ಜೋಡಣೆಯೂ ಮುರಿಯದೆ ಉಳಿಯಬಾರದು.

ಎಲ್ಲಿ ಕಲಿಯಬೇಕು

ಹಾಸ್ಟೆಲ್ ಕೋಣೆ, ಪಿಜಿಯ ಮಹಡಿ, ಬಾಡಿಗೆ ಮನೆಯ ಬಾಲ್ಕನಿ ಈ ಕೆಲಸಕ್ಕೆ ಸಲ್ಲವು. ಬೆಂಕಿ, ಹೊಗೆ ಮತ್ತು ಪಕ್ಕದ ಮನೆಯ ಮಗುವಿನ ಕಣ್ಣು, ಮೂರೂ ಕಾರಣಗಳಿಗಾಗಿ. ಮೊದಲು ಕೇಳಬೇಕಾದ ಜಾಗ ನಿಮ್ಮದೇ ಕಾಲೇಜಿನ ವರ್ಕ್‌ಶಾಪ್. ಅಲ್ಲಿನ ಇನ್‌ಸ್ಟ್ರಕ್ಟರುಗಳು ಸಾಮಾನ್ಯವಾಗಿ ಐಟಿಐ ಅಥವಾ ಡಿಪ್ಲೊಮಾ ಕಲಿತು ಬಂದವರು, ಕೈಕೆಲಸ ಬಲ್ಲವರು. ತರಗತಿ ಮುಗಿದ ಮೇಲೆ ಆಸಕ್ತಿಯಿಂದ ಬಂದು ನಿಲ್ಲುವ ವಿದ್ಯಾರ್ಥಿ ಅವರಿಗೆ ಅಪರೂಪ. ವಿಭಾಗದ ಮುಖ್ಯಸ್ಥರ ಅನುಮತಿ ಪತ್ರವನ್ನೂ ನಿಮ್ಮದೇ ರಾಡುಗಳನ್ನೂ ತೆಗೆದುಕೊಂಡು ಹೋದರೆ, 'ಸಾಮಗ್ರಿಯ ಲೆಕ್ಕ ಯಾರು ಕೊಡುತ್ತಾರೆ' ಎಂಬ ಅವರ ನಿಜವಾದ ತೊಡಕು ಅರ್ಧ ಬಗೆಹರಿದಂತೆ.

ಅದು ಸಾಧ್ಯವಾಗದಿದ್ದರೆ ಫ್ಯಾಬ್ರಿಕೇಶನ್ ಶೆಡ್ಡುಗಳಿವೆ. ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆಯಂತಹ ಕೈಗಾರಿಕಾ ಪ್ರದೇಶಗಳಲ್ಲಿ ಮಾತ್ರವಲ್ಲ, ಎಲ್ಲ ತಾಲ್ಲೂಕು ಕೇಂದ್ರಗಳಲ್ಲಿಯೂ ಗೇಟು, ಗ್ರಿಲ್, ಟ್ರ್ಯಾಕ್ಟರ್ ಟ್ರೇಲರ್ ಕೆಲಸ ಮಾಡುವ ಶೆಡ್ಡು ಇದ್ದೇ ಇರುತ್ತದೆ. ಅಲ್ಲಿ ಹೋಗಿ 'ಅಣ್ಣಾ, ನಾನು ಕಾಲೇಜು ಓದುತ್ತಿದ್ದೇನೆ, ಶನಿವಾರ ಬಂದು ಗ್ರೈಂಡಿಂಗ್ ಮಾಡಿಕೊಡುತ್ತೇನೆ, ಸಂಜೆ ಅರ್ಧ ಗಂಟೆ ಯಂತ್ರ ಕೊಡಿ, ರಾಡು ನಾನೇ ತರುತ್ತೇನೆ' ಎಂದು ನೇರವಾಗಿ ಕೇಳಿ. ಮೊದಲ ಎರಡು ವಾರ ಬೆಸುಗೆ ಹಾಕಲು ಬಿಡದಿದ್ದರೆ ಬೇಸರಿಸಬೇಡಿ. ಕಿಟ್ಟ (ಬೆಸುಗೆಯ ಮೇಲೆ ಗಟ್ಟಿಯಾದ ಹೊದಿಕೆ) ಕುಟ್ಟುವುದು, ಅಂಚು ಉಜ್ಜುವುದು, ಮೂಲೆಮಟ್ಟ ಹಿಡಿದು ನಿಲ್ಲುವುದು, ಇವೆಲ್ಲ ಬೆಸುಗೆಯ ಮುಕ್ಕಾಲು ಪಾಲು ಕೆಲಸ. ನಿಮಗೆ ಕಲಿಸುವ ಮೇಸ್ತ್ರಿಯ ಕೈಚಳಕವನ್ನು ಪೂರ್ತಿ ಕಲಿಯಿರಿ, ಆದರೆ ಅಂತಹ ಕೆಲವು ಶೆಡ್ಡುಗಳಲ್ಲಿ ಬೇರೂರಿರುವ ಒಂದು ಅಭ್ಯಾಸವನ್ನು ಕಲಿಯಬೇಡಿ: ಟ್ಯಾಕ್ (ತುಂಡುಗಳು ಅಲುಗದಂತೆ ಹಿಡಿಸುವ ಚುಕ್ಕಿ ಬೆಸುಗೆ) ಹಾಕುವಾಗ ಮುಖಕವಚ ಇಲ್ಲದೆ ಕಣ್ಣು ಮುಚ್ಚಿಕೊಂಡು ರಾಡು ತಾಗಿಸುವುದು. ರೆಪ್ಪೆಯ ಚರ್ಮ ಆ ಕಿರಣಗಳಿಂದ ಸುಡುತ್ತದೆ, ಮತ್ತು ಯಾವುದಾದರೂ ಒಂದು ಸಲ ಕಣ್ಣು ತಡವಾಗಿ ಮುಚ್ಚುತ್ತದೆ.

ಸರ್ಕಾರಿ ಐಟಿಐಗಳಲ್ಲಿ ವೆಲ್ಡರ್ ವೃತ್ತಿಯ ತರಬೇತಿ ಒಂದು ವರ್ಷದ್ದು. ಪದವಿ ಓದುತ್ತ ಅದಕ್ಕೆ ಸೇರಲಾಗದು. ಆದರೆ ಹತ್ತಿರದ ಐಟಿಐಯಲ್ಲಿ ಅಲ್ಪಾವಧಿ ತರಬೇತಿ ನಡೆಯುತ್ತಿದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಯಾವ ಬಗೆಯ ವೆಲ್ಡಿಂಗಿನಿಂದ ಆರಂಭಿಸಬೇಕು

ತಂತಿ ತಾನಾಗಿ ಬರುವ ಮಿಗ್, ಶೆಡ್ಡುಗಳಲ್ಲಿ 'ಸಿಒಟು' ಎಂದು ಕರೆಯುವ ವಿಧಾನ, ಕೈಗೆ ಬೇಗ ಹತ್ತುತ್ತದೆ. ಕರಗದ ಟಂಗ್‌ಸ್ಟನ್ ಕಡ್ಡಿ ಬಳಸುವ ಟಿಗ್ ಅತ್ಯಂತ ಅಚ್ಚುಕಟ್ಟು, ಕಲಿಯಲು ನಿಧಾನ. ನನ್ನ ಸಲಹೆ ರಾಡಿನ ಆರ್ಕ್ ವೆಲ್ಡಿಂಗ್, ಅಂದರೆ ರಾಡಿನ ತುದಿಗೂ ಲೋಹಕ್ಕೂ ನಡುವೆ ಹೊತ್ತುವ ವಿದ್ಯುತ್ ಕಿಡಿಯ (ಆರ್ಕ್) ಶಾಖದಿಂದ ಬೆಸೆಯುವುದು. ಅನಿಲದ ಸಿಲಿಂಡರ್ ಬೇಡ, ಯಂತ್ರ ಎಲ್ಲೆಡೆ ಸಿಗುತ್ತದೆ. ಇದಕ್ಕಿಂತ ಮುಖ್ಯವಾಗಿ, ರಾಡು ಉರಿದಂತೆ ಗಿಡ್ಡವಾಗುತ್ತ ಹೋಗುವುದರಿಂದ ಕೈ ಪ್ರತಿ ಕ್ಷಣವೂ ಕೆಳಗಿಳಿಯುತ್ತ, ಮುಂದೆ ಸಾಗುತ್ತ, ಓರೆಯನ್ನು ಕಾಯ್ದುಕೊಳ್ಳಬೇಕಾಗುತ್ತದೆ. ಈ ಮೂರನ್ನು ಒಟ್ಟಿಗೆ ಕಲಿತ ಕೈಗೆ ಮಿಗ್ ಸುಲಭ. ಮಿಗ್ ಕಲಿತ ಕೈಗೆ ರಾಡು ಹೊಸದಾಗಿಯೇ ಉಳಿಯುತ್ತದೆ.

ರಾಡಿನ ಮೇಲಿನ ಲೇಪ ಏಕಿದೆ ಎಂದು ತಿಳಿದರೆ ಮುಂದಿನ ಎಷ್ಟೋ ಸಂಗತಿಗಳು ತಾವಾಗಿ ಅರ್ಥವಾಗುತ್ತವೆ. ಕರಗಿದ ಉಕ್ಕು ಗಾಳಿಗೆ ತೆರೆದುಕೊಂಡರೆ ಆಮ್ಲಜನಕ, ಸಾರಜನಕಗಳನ್ನು ಹೀರಿ ಪೆಡಸಾಗುತ್ತದೆ, ರಂಧ್ರ ಬೀಳುತ್ತದೆ. ಸ್ವೀಡನ್ನಿನ ಆಸ್ಕರ್ ಕೆಲ್‌ಬೆರ್ಗ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲೇಪವಿರುವ ರಾಡನ್ನು ರೂಪಿಸಿದ್ದು ಈ ತೊಂದರೆಗೆ ಪರಿಹಾರವಾಗಿ. ಲೇಪ ಸುಟ್ಟಾಗ ಅನಿಲ ಎದ್ದು ಗಾಳಿಯನ್ನು ದೂರವಿಡುತ್ತದೆ. ಉಳಿದದ್ದು ಕರಗಿ ಕಿಟ್ಟವಾಗಿ ಬೆಸುಗೆಯ ಮೇಲೆ ಹೊದಿಕೆಯಂತೆ ಕೂರುತ್ತದೆ. ಕಮ್ಮಾರನ ಕುಲುಮೆಯ ಕಿಟ್ಟ ಕಸವಾದರೆ, ಬೆಸುಗೆಯ ಕಿಟ್ಟ ತಣಿಯುವ ತನಕ ಕಾವಲುಗಾರ.

ಮೊದಲ ಇನ್ನೂರರಲ್ಲಿ ನೂರೆಂಬತ್ತು ರಾಡುಗಳು ಇ 6013 ಎಂಬ ಗುರುತಿನವಾಗಿರಲಿ. ಇದರಲ್ಲಿ 60 ಎಂಬುದು ಬೆಸುಗೆಯ ಕನಿಷ್ಠ ಎಳೆತಬಲವನ್ನು ಚದರ ಅಂಗುಲಕ್ಕೆ ಸಾವಿರ ಪೌಂಡುಗಳ ಲೆಕ್ಕದಲ್ಲಿ ಹೇಳುತ್ತದೆ. ಮುಂದಿನ 1 ಎಂದರೆ ಅಡ್ಡ, ಲಂಬ, ತಲೆಯ ಮೇಲೆ ಹೀಗೆ ಎಲ್ಲ ಭಂಗಿಗಳಲ್ಲಿಯೂ ಬಳಸಬಹುದು. ಕೊನೆಯ ಅಂಕಿ ಲೇಪದ ಬಗೆಯನ್ನು ಸೂಚಿಸುತ್ತದೆ. ಭಾರತದ ಮಾನಕ ಐಎಸ್ 814 ಬೇರೆ ಸಂಕೇತ ಬಳಸುತ್ತದೆ, ಆದರೆ ಪೊಟ್ಟಣದ ಮೇಲೆ ಸಾಮಾನ್ಯವಾಗಿ ಎರಡೂ ಅಚ್ಚಾಗಿರುತ್ತವೆ.

ಕಣ್ಣು, ಚರ್ಮ, ಉಸಿರು, ವಿದ್ಯುತ್ತು

ಈ ಭಾಗವನ್ನು ಹಾರಿಸಿ ಮುಂದೆ ಹೋಗಬೇಡಿರೆಂದು ಕೈಮುಗಿದು ಕೇಳುತ್ತೇನೆ.

ಆರ್ಕ್‌ನಿಂದ ಹೊಮ್ಮುವ ನೇರಳಾತೀತ ಕಿರಣ ಕಣ್ಣಿನ ಪಾರದರ್ಶಕ ಪಟಲವನ್ನು ಸುಡುತ್ತದೆ. ಸುಟ್ಟದ್ದು ಆ ಕ್ಷಣಕ್ಕೆ ತಿಳಿಯುವುದಿಲ್ಲ ಎಂಬುದೇ ಇದರ ಅಪಾಯ. ಹಲವು ಗಂಟೆಗಳ ಬಳಿಕ, ಬಹುಮಟ್ಟಿಗೆ ರಾತ್ರಿ ಮಲಗಿದ ಮೇಲೆ, ಕಣ್ಣಿಗೆ ಮರಳು ಹೊಯ್ದಂತಾಗಿ, ನೀರು ಸುರಿದು, ಬೆಳಕು ನೋಡಲಾಗದೆ ಎಚ್ಚರವಾಗುತ್ತದೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇದು ವಾಸಿಯಾಗುತ್ತದೆ, ಆದರೂ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಹಾಲು ಹಾಕುವುದು, ಆಲೂಗಡ್ಡೆಯ ಹೋಳು ಕಟ್ಟುವುದು, ಅಂಗಡಿಯಿಂದ ಜೋಮು ಹಿಡಿಸುವ ಹನಿ ತಂದು ಬಿಡುವುದು, ಯಾವುದನ್ನೂ ಮಾಡಬೇಡಿ. ಜೋಮಿನ ಹನಿ ನೋವನ್ನು ಮರೆಸುತ್ತದೆ, ಪಟಲ ಮಾಯುವುದನ್ನು ತಡೆಯುತ್ತದೆ. 2.5 ಮತ್ತು 3.15 ಮಿಲಿಮೀಟರ್ ರಾಡುಗಳಿಗೆ 10ನೇ ಸಂಖ್ಯೆಯ ಕಪ್ಪು ಗಾಜು ಸರಿ. ಬೆಳಕು ಹೆಚ್ಚೆನಿಸಿದರೆ 11. ತಾನಾಗಿ ಕಪ್ಪಾಗುವ ಗಾಜಿನ ಹೆಲ್ಮೆಟ್ ಕಲಿಯುವವರಿಗೆ ದೊಡ್ಡ ಉಪಕಾರ, ಏಕೆಂದರೆ ರಾಡಿನ ತುದಿಯನ್ನು ಸರಿಯಾದ ಜಾಗದಲ್ಲಿಟ್ಟು, ಕತ್ತು ಅಲುಗಿಸದೆ, ಆರ್ಕ್ ಹೊಡೆಯಬಹುದು. ಹೆಲ್ಮೆಟ್ಟಿನ ಒಳಗೂ ಬಿಳಿಯ ಕನ್ನಡಕವೊಂದು ಸದಾ ಇರಲಿ; ತಣಿಯುತ್ತಿರುವ ಕಿಟ್ಟ ತಾನಾಗಿ ಸಿಡಿಯುತ್ತದೆ.

ಉಡುಪು ದಪ್ಪ ಹತ್ತಿಯದಾಗಿರಬೇಕು. ಪಾಲಿಯೆಸ್ಟರ್, ನೈಲಾನ್ ಬಟ್ಟೆ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಕಾಲೇಜಿನ ಟಿ ಶರ್ಟುಗಳಲ್ಲಿ ಬಹಳಷ್ಟು ಅಂಥವೇ. ತೋಳು ಮಣಿಕಟ್ಟಿನವರೆಗೆ ಇಳಿದಿರಲಿ, ಕತ್ತಿನ ಗುಂಡಿ ಹಾಕಿರಲಿ, ಪ್ಯಾಂಟಿನ ಅಂಚು ಮಡಚದೆ ಬೂಟಿನ ಮೇಲೆ ಬೀಳುವಂತಿರಲಿ. ಜೇಬಿನಲ್ಲಿ ಲೈಟರ್ ಇರಕೂಡದು. ಚರ್ಮದ ಕೈಗವಸು, ಚರ್ಮದ ಏಪ್ರನ್ ಕೊಳ್ಳುವಾಗ ಹಣ ಉಳಿಸಬೇಡಿ.

ಹೊಗೆಯ ವಿಷಯದಲ್ಲಿ ಸತುವಿನ ಲೇಪವಿರುವ ಜಿಐ ಪೈಪು ವಿದ್ಯಾರ್ಥಿಗಳನ್ನು ಮೋಸಗೊಳಿಸುತ್ತದೆ, ಏಕೆಂದರೆ ಗುಜರಿಯಲ್ಲಿ ಅಗ್ಗವಾಗಿ, ತುಕ್ಕಿಲ್ಲದೆ ಸಿಗುವುದು ಅದೇ. ಸತುವು 907 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಉಕ್ಕು ಕರಗುವುದು ಸುಮಾರು 1500ಕ್ಕೆ. ಹಾಗಾಗಿ ಉಕ್ಕು ಕರಗುವ ಮೊದಲೇ ಸತುವು ಬಿಳಿಯ ಹೊಗೆಯಾಗಿ ಮೂಗಿಗೆ ಬರುತ್ತದೆ, ಅಂದು ರಾತ್ರಿ ಚಳಿಜ್ವರ ಹಿಡಿಯುತ್ತದೆ. ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆ ಏನೂ ಮಾಡದು ಎಂಬ ನಂಬಿಕೆ ಶೆಡ್ಡುಗಳಲ್ಲಿದೆ. ಹೊಟ್ಟೆಗೆ ಹೋದದ್ದು ಶ್ವಾಸಕೋಶವನ್ನು ಕಾಪಾಡಲಾರದು. ಕಲಿಯುವ ಕಾಲದಲ್ಲಿ ಜಿಐ ಮುಟ್ಟಲೇಬೇಡಿ. ಬಣ್ಣ, ಎಣ್ಣೆ, ಗ್ರೀಸ್ ಇದ್ದರೆ ಉಜ್ಜಿ ತೆಗೆಯಿರಿ, ಆದರೆ ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಂತಹ ದ್ರಾವಣಗಳಿಂದ ಒರೆಸಬೇಡಿ. ಆರ್ಕ್‌ನ ಶಾಖ ಮತ್ತು ಕಿರಣಗಳಿಗೆ ಸಿಕ್ಕಿ ಅವುಗಳಿಂದ ಫಾಸ್ಜೀನ್ ಎಂಬ ಮಾರಕ ವಿಷಾನಿಲ ಹುಟ್ಟಬಹುದು. ಡೀಸೆಲ್ ಪೀಪಾಯಿ, ಪೆಟ್ರೋಲ್ ಟ್ಯಾಂಕು, ಬಾಯಿ ಮುಚ್ಚಿದ ಯಾವ ಡಬ್ಬವಾದರೂ, ಎಷ್ಟೇ ತೊಳೆದಿದ್ದೇವೆಂದು ಹೇಳಿದರೂ, ಅದು ನಿಮ್ಮ ಕೆಲಸವಲ್ಲ.

ಯಂತ್ರ ಚಾಲೂ ಇದ್ದು ಆರ್ಕ್ ಇಲ್ಲದಾಗ ರಾಡು ಹಿಡಿಯುವ ಹೋಲ್ಡರಿನಲ್ಲಿ ಸಾಮಾನ್ಯವಾಗಿ 60ರಿಂದ 80 ವೋಲ್ಟ್ ಇರುತ್ತದೆ. ಒಣಗಿದ ಕೈಗೆ ಅದು ಅಷ್ಟಾಗಿ ತೋರದಿದ್ದರೂ, ಕರಾವಳಿಯ ಬೆವರಿಗೆ ಅಥವಾ ಮಲೆನಾಡಿನ ಆಷಾಢದಲ್ಲಿ ಒದ್ದೆಯಾದ ಗವಸಿಗೆ ಅದೇ ವೋಲ್ಟೇಜ್ ಪ್ರಾಣಾಂತಿಕವಾಗಬಲ್ಲದು. ಒದ್ದೆ ನೆಲದಲ್ಲಿ ನಿಲ್ಲಬೇಡಿ, ರಾಡು ಬದಲಿಸುವಾಗ ಒಣ ಗವಸು ಹಾಕಿಯೇ ಇರಿ, ಯಂತ್ರದ ಇನ್ನೊಂದು ಕೇಬಲ್ಲಿನ ತುದಿಯ ಅರ್ಥ್ ಕ್ಲಾಂಪನ್ನು ಬೆಸುಗೆಯ ಜಾಗಕ್ಕೆ ಹತ್ತಿರದಲ್ಲಿ, ಉಜ್ಜಿ ಹೊಳೆಯಿಸಿದ ಲೋಹಕ್ಕೇ ಕಚ್ಚಿಸಿ. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಇದ್ದು ಎಲ್ಲಾದರೂ ಹೊಗೆಯಾಡುತ್ತಿದೆಯೇ ಎಂದು ನೋಡಿದ ಬಳಿಕವೇ ಹೊರಡಿ.

ಕೊಳ್ಳಬೇಕಾದದ್ದು

ನಿಮ್ಮ ಸ್ವಂತದ್ದೇ ಆಗಿರಬೇಕಾದವು ಹೆಲ್ಮೆಟ್, ಬಿಳಿ ಕನ್ನಡಕ, ಗವಸು, ಕಿಟ್ಟ ಕುಟ್ಟುವ ಚೂಪು ಸುತ್ತಿಗೆ, ತಂತಿಯ ಬ್ರಷ್ಷು, ಮೂಲೆಮಟ್ಟ ಮತ್ತು ಒಂದು ನೋಟುಪುಸ್ತಕ. ಯಂತ್ರವನ್ನು ಮೊದಲ ನೂರು ರಾಡು ಮುಗಿಯುವ ತನಕ ಕೊಳ್ಳಬೇಡಿ. ಆಮೇಲೂ ಬೇಕೆನಿಸಿದರೆ ಸಿಂಗಲ್ ಫೇಸಿನ 200 ಆಂಪಿಯರ್ ಇನ್ವರ್ಟರ್ ವೆಲ್ಡಿಂಗ್ ಯಂತ್ರ ಸಾಕು, ಇಬ್ಬರು ಮೂವರು ಸೇರಿ ಕೊಂಡರೆ ಇನ್ನೂ ಒಳ್ಳೆಯದು. ಅದರ ಫಲಕದಲ್ಲಿ ಡ್ಯೂಟಿ ಸೈಕಲ್ ಎಂಬ ಅಂಕಿ ನೋಡಿ: 60 ಶೇಕಡಾ ಎಂದಿದ್ದರೆ ಆ ಆಂಪಿಯರಿನಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ಮಾತ್ರ ಉರಿಸಬಹುದು. 80 ಆಂಪಿಯರಿನಲ್ಲಿ ಬೆಸುಗೆ ಹಾಕುವಾಗ ಇಂತಹ ಯಂತ್ರ ಗೋಡೆಯ ಸಾಕೆಟ್ಟಿನಿಂದ ಸುಮಾರು 13–14 ಆಂಪಿಯರ್ ಎಳೆಯುತ್ತದೆ, ಹಾಗಾಗಿ ಸರಿಯಾದ ಅರ್ಥಿಂಗ್ ಇರುವ 16 ಆಂಪಿಯರಿನ ಸಾಕೆಟ್ಟೇ ಬೇಕು.

ಕಬ್ಬಿಣ ತೂಕದಲ್ಲಿ ಸಿಗುತ್ತದೆ, ಆದ್ದರಿಂದ ಒಂದು ಲೆಕ್ಕ ಕಲಿತಿರಿ. ಪಟ್ಟಿಯ ಅಗಲ ಮತ್ತು ದಪ್ಪವನ್ನು ಮಿಲಿಮೀಟರುಗಳಲ್ಲಿ ಗುಣಿಸಿ, ಅದನ್ನು 0.00785ರಿಂದ ಗುಣಿಸಿದರೆ ಮೀಟರಿಗೆ ಎಷ್ಟು ಕೆಜಿ ಎಂದು ತಿಳಿಯುತ್ತದೆ. 50 ಮಿಲಿಮೀಟರ್ ಅಗಲ, 6 ಮಿಲಿಮೀಟರ್ ದಪ್ಪದ ಎಂಎಸ್ ಫ್ಲಾಟ್ (ಮೃದು ಉಕ್ಕಿನ ಪಟ್ಟಿ) ಮೀಟರಿಗೆ 2.36 ಕೆಜಿ, 6 ಮೀಟರಿನ ಪೂರ್ತಿ ಪಟ್ಟಿ 14 ಕೆಜಿ. ಅದನ್ನು 100 ಮಿಲಿಮೀಟರಿನ ತುಂಡುಗಳಾಗಿ ಕತ್ತರಿಸಿದರೆ 60 ತುಂಡು ಬರುತ್ತವೆ, ಅಷ್ಟು ಸಾಕು. ಗುಜರಿ ಅಂಗಡಿಯಲ್ಲಿ ಇದೇ ದಪ್ಪದ ತುಂಡುಗಳು ಸಿಕ್ಕರೆ ಅದೇ ಲೇಸು. ಆದರೆ ಲಾರಿಯ ಸ್ಪ್ರಿಂಗ್ ಪಟ್ಟಿ, ಎರಕದ ಕಬ್ಬಿಣ ತರಬೇಡಿ. ಅವುಗಳ ಮೇಲೆ ಹಾಕಿದ ಬೆಸುಗೆ ನಿಮ್ಮ ಕೈಯ ತಪ್ಪಿಲ್ಲದೆಯೇ ಬಿರುಕು ಬಿಡುತ್ತದೆ, ತಪ್ಪು ಕೈಯದೋ ಕಬ್ಬಿಣದ್ದೋ ಎಂದು ಗೊತ್ತಾಗುವುದಿಲ್ಲ.

ಮೊದಲ ಇಪ್ಪತ್ತು ರಾಡು: ಆರ್ಕ್ ಹೊಡೆಯುವುದು

150 ಮಿಲಿಮೀಟರ್ ಚೌಕದ, 6 ಮಿಲಿಮೀಟರ್ ದಪ್ಪದ ಪ್ಲೇಟನ್ನು ಹೊಳೆಯುವಂತೆ ಉಜ್ಜಿ ಮೇಜಿನ ಮೇಲಿಡಿ. ಯಂತ್ರವನ್ನು 75–80 ಆಂಪಿಯರಿಗೆ ಇಡಿ. ಬೆಂಕಿಕಡ್ಡಿ ಗೀರುವಂತೆ ರಾಡಿನ ತುದಿಯನ್ನು ಎಳೆದು, ಕಿಡಿ ಹತ್ತಿದೊಡನೆ ಎರಡು ಮೂರು ಮಿಲಿಮೀಟರ್ ಮೇಲೆತ್ತಿ ನಿಲ್ಲಿಸಿ. ರಾಡು ಅಂಟಿಕೊಂಡರೆ ಗಾಬರಿಯಾಗದೆ ಮಣಿಕಟ್ಟನ್ನು ಅತ್ತಿತ್ತ ತಿರುಚಿ ಬಿಡಿಸಿ; ಬಾರದಿದ್ದರೆ ಹೋಲ್ಡರಿನ ಹಿಡಿ ಒತ್ತಿ ರಾಡನ್ನು ಬಿಟ್ಟುಬಿಡಿ. ಯಾವ ಕಾರಣಕ್ಕೂ ಅಂಟಿದ ರಾಡನ್ನು ನೋಡಲೆಂದು ಹೆಲ್ಮೆಟ್ ಎತ್ತಬೇಡಿ, ಅದು ಬಿಟ್ಟುಕೊಳ್ಳುವ ಕ್ಷಣದಲ್ಲಿ ಮತ್ತೆ ಆರ್ಕ್ ಹೊಡೆಯುತ್ತದೆ. ಇಪ್ಪತ್ತು ರಾಡು ಮುಗಿಯುವ ಹೊತ್ತಿಗೆ, ಚಾಕ್‌ಪೀಸಿನಿಂದ ಗುರುತಿಸಿದ ಚುಕ್ಕಿಯ ಮೇಲೆಯೇ ಹತ್ತರಲ್ಲಿ ಒಂಬತ್ತು ಸಲ ಆರ್ಕ್ ನಿಲ್ಲುವಂತಾದರೆ ಮುಂದೆ ಹೋಗಬಹುದು.

ಮುಂದಿನ ಅರುವತ್ತು: ನೇರ ಸಾಲು, ಮತ್ತು ಮಡುವನ್ನು ನೋಡುವುದು

ಇಡೀ ಕಲಿಕೆಯ ತಿರುಳು ಇಲ್ಲಿದೆ, ಅದಕ್ಕಾಗಿಯೇ ಅತಿ ಹೆಚ್ಚು ರಾಡುಗಳನ್ನು ಇದಕ್ಕೆ ಮೀಸಲಿಟ್ಟಿದ್ದೇನೆ. ಹೊಸಬರ ಕಣ್ಣು ಬೆಳಕಿನ ಮೇಲೆಯೇ ಇರುತ್ತದೆ, ಏಕೆಂದರೆ ಅಷ್ಟು ಪ್ರಖರವಾದದ್ದು ಮತ್ತೊಂದಿಲ್ಲ. ನೋಡಬೇಕಾದದ್ದು ಆ ಬೆಳಕಿನ ಬೆನ್ನಿಗೇ ಇರುವ ಕರಗಿದ ಲೋಹದ ಪುಟ್ಟ ಮಡುವನ್ನು. ಮಡುವಿನ ಮೈ ಕನ್ನಡಿಯಂತೆ ನುಣುಪಾಗಿ, ಅಂಚು ಸ್ಪಷ್ಟವಾಗಿ ಕಾಣುತ್ತದೆ; ಅದರ ಹಿಂದೆ ಹಾಲಿನ ಕೆನೆ ಸುಕ್ಕುಗಟ್ಟುವಂತೆ ಕಿಟ್ಟ ಮುಚ್ಚುತ್ತ ಬರುತ್ತದೆ. ಮಡುವಿನ ಅಗಲವೇ ಬೆಸುಗೆಯ ಅಗಲ. ಈ ರಾಡಿಗೆ ಅದು 6ರಿಂದ 8 ಮಿಲಿಮೀಟರ್ ಇರುವಂತೆ ಕೈಯ ವೇಗವನ್ನು ಹೊಂದಿಸಿಕೊಳ್ಳಬೇಕು. ಕಿಟ್ಟ ಮಡುವನ್ನು ದಾಟಿ ಆರ್ಕ್‌ನ ಮುಂದಕ್ಕೆ ನುಗ್ಗಿದರೆ ಅದು ಬೆಸುಗೆಯೊಳಗೆ ಹೂತುಹೋಗುತ್ತದೆ. ಆಗ ರಾಡನ್ನು ಇನ್ನಷ್ಟು ಓರೆ ಮಾಡಿ, ತುದಿಯನ್ನು ಹತ್ತಿರ ತಂದು, ಕಿಟ್ಟವನ್ನು ಹಿಂದಕ್ಕೆ ತಳ್ಳಬೇಕು. ನನಗೆ ಮಡು ಮೊದಲ ಸಲ ಸ್ಪಷ್ಟವಾಗಿ ಕಂಡದ್ದು ನಲವತ್ತನೆಯ ರಾಡಿನ ಆಸುಪಾಸಿನಲ್ಲಿ. ಅದಕ್ಕೆ ಮೊದಲು ಹಾಕಿದ್ದೆಲ್ಲ ಕುರುಡು ಕೆಲಸ.

ಬಲಗೈಯವರು ಎಡದಿಂದ ಬಲಕ್ಕೆ ಸಾಗಲಿ. ರಾಡು ಸಾಗುವ ದಿಕ್ಕಿಗೆ ಹತ್ತು ಹದಿನೈದು ಡಿಗ್ರಿ ಬಾಗಿರಲಿ, ತುದಿ ಹಿಂದಿನ ಮಡುವನ್ನು ನೋಡುತ್ತಿರಲಿ. ಆರ್ಕ್‌ನ ಉದ್ದ ರಾಡಿನ ದಪ್ಪವನ್ನು ಮೀರದಿರಲಿ. ಮೊಣಕೈಯನ್ನು ಮೇಜಿಗೆ ಊರಿ, ಎಡಗೈಯನ್ನು ಬಲಗೈಗೆ ಆಸರೆ ಕೊಟ್ಟು, ಆರ್ಕ್ ಹೊಡೆಯುವ ಮೊದಲು ಒಮ್ಮೆ ಸುಮ್ಮನೆ ಕೈಯನ್ನು ಪೂರ್ತಿ ದಾರಿ ಸಾಗಿಸಿ ನೋಡಿ. ಎಲ್ಲೋ ಒಂದು ಕಡೆ ಕೇಬಲ್ಲು ಎಳೆಯುತ್ತದೆ ಅಥವಾ ತೋಳು ಮೇಜಿಗೆ ತಾಗುತ್ತದೆ.

ಕಿವಿಯನ್ನೂ ಬಳಸಿ. ಸರಿಯಾದ ಆರ್ಕ್ ಕಾದ ಎಣ್ಣೆಗೆ ಸಾಸಿವೆ ಹಾಕಿದಂತೆ ಎಡೆಬಿಡದೆ ಚಟಪಟಿಸುತ್ತದೆ. ಉದ್ದವಾದ ಆರ್ಕ್ ಭುಸುಗುಟ್ಟುತ್ತದೆ, ಸುತ್ತಲೂ ಕಿಡಿ ಎರಚುತ್ತದೆ. ತಣಿದ ಮೇಲೆ ಸಾಲನ್ನು ಓದುವುದು ಹೀಗೆ: ಪ್ಲೇಟಿನ ಮೇಲೆ ಹಗ್ಗ ಇಟ್ಟಂತೆ ಉಬ್ಬಿ ಕೂತಿದ್ದರೆ ಆಂಪಿಯರ್ ಕಡಿಮೆ, ಚಪ್ಪಟೆಯಾಗಿ, ಅಂಚಿನಲ್ಲಿ ಹಳ್ಳ ಕೊರೆದು, ರಾಡಿನ ಕೊನೆಯ ಭಾಗ ಕೆಂಪೇರಿದ್ದರೆ ಆಂಪಿಯರ್ ಹೆಚ್ಚು, ಸಾಲಿನ ಮೇಲಿನ ಅಲೆಗೆರೆಗಳು ಬಾಣದ ಮೊನೆಯಂತೆ ಚೂಪಾಗಿದ್ದರೆ ಕೈ ಓಡಿದೆ. ಸೂಜಿರಂಧ್ರಗಳು ಕಂಡರೆ ಕೊಳೆ, ತುಕ್ಕು, ತೇವ ಅಥವಾ ಉದ್ದ ಆರ್ಕ್, ಈ ನಾಲ್ಕರಲ್ಲಿ ಒಂದು ಕಾರಣ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ನೋಟುಪುಸ್ತಕದಲ್ಲಿ ಬರೆದು, ಅದೇ ಸಂಖ್ಯೆಯನ್ನು ಪ್ಲೇಟಿನ ಮೇಲೂ ಪೇಂಟಿನಲ್ಲಿ ಗುರುತಿಸಿ. ಬೇಕೆಂದೇ ಒಂದು ಸಾಲನ್ನು 50 ಆಂಪಿಯರಿನಲ್ಲಿಯೂ ಇನ್ನೊಂದನ್ನು 110ರಲ್ಲಿಯೂ ಹಾಕಿ ಇಟ್ಟುಕೊಳ್ಳಿ. ತಪ್ಪು ಹೇಗಿರುತ್ತದೆ ಎಂಬುದಕ್ಕೆ ಇವೆರಡು ಕೊನೆಯವರೆಗೂ ಅಳತೆಗೋಲಾಗುತ್ತವೆ.

ರಾಡು ಮುಗಿದು ಹೊಸದು ಹಾಕಿದಾಗ ಸಾಲನ್ನು ಮುಂದುವರಿಸುವುದಕ್ಕೂ ಒಂದು ಕ್ರಮವಿದೆ. ಹಿಂದಿನ ಸಾಲಿನ ಕೊನೆಯ ಗುಳಿಯಿಂದ ಕಿಟ್ಟ ಕುಟ್ಟಿ, ಬ್ರಷ್ಷು ಹಾಕಿ, ಗುಳಿಯಿಂದ 10 ಮಿಲಿಮೀಟರ್ ಮುಂದೆ ಆರ್ಕ್ ಹೊಡೆದು, ಹಿಂದಕ್ಕೆ ಬಂದು ಗುಳಿಯನ್ನು ತುಂಬಿ, ಆಮೇಲೆ ಮುಂದೆ ಸಾಗಬೇಕು. ಆರ್ಕ್ ಹೊಡೆದ ಗುರುತು ಬೆಸುಗೆಯೊಳಗೇ ಕರಗಿಹೋಗುತ್ತದೆ.

ಐವತ್ತು ರಾಡು ಟಿ ಜೋಡಣೆಗೆ, ಒಂದು ಸುತ್ತಿಗೆ ಮುರಿಯುವುದಕ್ಕೆ

ಒಂದು ತುಂಡಿನ ಮೇಲೆ ಇನ್ನೊಂದನ್ನು ನೇರವಾಗಿ ನಿಲ್ಲಿಸಿ, ಎರಡೂ ತುದಿಗಳಲ್ಲಿ ಟ್ಯಾಕ್ ಹಾಕಿ. ತಣಿಯುವ ಬೆಸುಗೆ ಕುಗ್ಗಿ ನಿಂತ ತುಂಡನ್ನು ತನ್ನತ್ತ ಎಳೆಯುತ್ತದೆ, ಆದ್ದರಿಂದ ಅದನ್ನು ಎದುರು ಬದಿಗೆ ಎರಡು ಡಿಗ್ರಿಯಷ್ಟು ವಾಲಿಸಿಯೇ ಟ್ಯಾಕ್ ಮಾಡುವುದು ಅನುಭವಿಗಳ ಕ್ರಮ. ರಾಡು ಎರಡು ತುಂಡುಗಳ ನಡುವೆ 45 ಡಿಗ್ರಿಯಲ್ಲಿರಲಿ, ಆಂಪಿಯರ್ ಐದು ಹತ್ತು ಹೆಚ್ಚಿರಲಿ, ಏಕೆಂದರೆ ಮೂಲೆಯಿಂದ ಶಾಖ ಮೂರು ದಿಕ್ಕಿಗೆ ಹರಿದುಹೋಗುತ್ತದೆ.

ಒಂದೇ ಬದಿಗೆ ಬೆಸುಗೆ ಹಾಕಿ, ತಣಿಸಿ, ಅಡಿಯ ತುಂಡನ್ನು ವೈಸಿಗೆ ಕಚ್ಚಿಸಿ, ನಿಂತ ತುಂಡನ್ನು ಬೆಸುಗೆಯ ಕಡೆಗೆ ಮಡಚುವಂತೆ ಸುತ್ತಿಗೆಯಿಂದ ಹೊಡೆಯಿರಿ. ಬೆಸುಗೆ ಬುಡದಿಂದ ಬಾಯಿ ತೆರೆಯುತ್ತದೆ. ಒಳಗೆ ಪ್ಲೇಟಿನ ಚೂಪಾದ ಅಂಚು ಕತ್ತರಿಸಿದ ದಿನದಂತೆಯೇ ನೇರವಾಗಿ, ಕರಗದೆ ಉಳಿದಿದ್ದರೆ ಬೆಸುಗೆ ಮೇಲೆ ಅಂಟಿದೆಯೇ ಹೊರತು ಸೇರಿಲ್ಲ. ಕಪ್ಪು ಗಾಜಿನಂತಹ ಗೆರೆ ಇದ್ದರೆ ಕಿಟ್ಟ ಸಿಕ್ಕಿಕೊಂಡಿದೆ. ಮುರಿದ ಮೈ ಉದ್ದಕ್ಕೂ ಒಂದೇ ಸಮನಾಗಿ ಬೂದುಬಣ್ಣದ್ದಾಗಿದ್ದು, ಅಂಚು ಕರಗಿ ಮಾಯವಾಗಿದ್ದರೆ ಅದು ಬೆಸುಗೆ. ನನ್ನ ಮೊದಲ ಹದಿನಾಲ್ಕು ಟಿಗಳು ಹೊರಗಿನಿಂದ ನೋಡಲು ಚೆನ್ನಾಗಿದ್ದವು, ಒಂದೇ ಏಟಿಗೆ ಕಳಚಿದವು. ಹೊರಗಿನ ಚೆಲುವು ಮತ್ತು ಒಳಗಿನ ಬಲಕ್ಕೆ ಇರುವ ದೂರವನ್ನು ಹೇಳುವುದಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ನನಗೆ ಗೊತ್ತಿಲ್ಲ.

ಉಳಿದ ಎಪ್ಪತ್ತು

ಲ್ಯಾಪ್ ಜೋಡಣೆಗೆ ಹತ್ತು ರಾಡು ಸಾಕು. ಟಿ ಬಂದವರಿಗೆ ಅದು ಬರುತ್ತದೆ, ಮೇಲಿನ ತುಂಡಿನ ಅಂಚು ಕರಗಿಹೋಗದಂತೆ ರಾಡನ್ನು ಅಡಿಯ ತುಂಡಿನತ್ತ ತುಸು ಹೆಚ್ಚು ತಿರುಗಿಸಬೇಕು ಅಷ್ಟೆ. ಬಟ್ ಜೋಡಣೆಗೆ ಇಪ್ಪತ್ತು. 6 ಮಿಲಿಮೀಟರ್ ದಪ್ಪದ ಅಂಚುಗಳನ್ನು ತಲಾ 30 ಡಿಗ್ರಿ ಓರೆಯಾಗಿ ಉಜ್ಜಿ, ಎರಡು ಮಿಲಿಮೀಟರ್ ಸಂದು ಬಿಟ್ಟು, ಬುಡದ ಸಾಲನ್ನು ಮೊದಲು, ಕಿಟ್ಟವನ್ನು ಚೊಕ್ಕಟ ತೆಗೆದ ಮೇಲೆ ಮೇಲಿನ ಸಾಲನ್ನು ಹಾಕಬೇಕು. ಇದನ್ನು ಬೆಸುಗೆಗೆ ಅಡ್ಡವಾಗಿ ಕತ್ತರಿಸಿ, ಪಟ್ಟಿಯನ್ನು ಬುಡ ಹೊರಗೆ ಬರುವಂತೆ ವೈಸಿನಲ್ಲಿ ಬಗ್ಗಿಸಿ ನೋಡಿ.

ಇಪ್ಪತ್ತು ರಾಡುಗಳನ್ನು ಲಂಬ ಬೆಸುಗೆಗೆ ಇಡಿ. ಆಂಪಿಯರನ್ನು ಹತ್ತರಷ್ಟು ಇಳಿಸಿ, ಕೆಳಗಿನಿಂದ ಮೇಲಕ್ಕೆ, ಎರಡೂ ಅಂಚುಗಳಲ್ಲಿ ಕ್ಷಣಕಾಲ ನಿಂತು ನಡುವೆ ಬೇಗ ದಾಟುತ್ತ ಏರಬೇಕು. ಅಂಚಿನಲ್ಲಿ ಹೆಪ್ಪುಗಟ್ಟಿದ ಲೋಹ ಮುಂದಿನ ಹನಿಗೆ ಮೆಟ್ಟಿಲಾಗುತ್ತದೆ. ಮೇಲಿನಿಂದ ಕೆಳಕ್ಕೆ ಎಳೆಯುವುದು ಸುಲಭ ಮತ್ತು ನೋಡಲು ಅಂದ, ಆದರೆ ಆಳಕ್ಕೆ ಇಳಿಯುವುದಿಲ್ಲ. ತೆಳು ತಗಡಿಗೆ ಮಾತ್ರ ಅದು ಸರಿ.

ಉಳಿದ ಇಪ್ಪತ್ತು, ಇ 7018 ರಾಡುಗಳು. ಇವುಗಳ ಲೇಪದಲ್ಲಿ ಹೈಡ್ರೋಜನ್ ಅತಿ ಕಡಿಮೆ ಇರುವಂತೆ ಮಾಡಿರುತ್ತಾರೆ, ಏಕೆಂದರೆ ಬೆಸುಗೆಯೊಳಗೆ ಉಳಿದ ಹೈಡ್ರೋಜನ್ ದಪ್ಪ ಹಾಗೂ ಗಟ್ಟಿ ಉಕ್ಕಿನಲ್ಲಿ ಗಂಟೆಗಳ ಅಥವಾ ದಿನಗಳ ನಂತರ ಬಿರುಕು ಹುಟ್ಟಿಸುತ್ತದೆ. ಮಳೆಗಾಲದ ಗಾಳಿಯಿಂದ ಲೇಪ ತೇವ ಹೀರಿದರೆ ಈ ಗುಣವೇ ಹೋಗುತ್ತದೆ. ಆದ್ದರಿಂದ ತಯಾರಕರು ಹೇಳಿದಂತೆ, ಸಾಮಾನ್ಯವಾಗಿ 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದೆರಡು ಗಂಟೆ, ಒವನಿನಲ್ಲಿ ಒಣಗಿಸಿ ಬಳಸಬೇಕು. ರಾಡಿನ ಕೇಬಲ್ಲು ಯಂತ್ರದ ಪ್ಲಸ್‌ಗೆ ಸೇರಿರಲಿ, ಆರ್ಕ್ ಬಹಳ ಗಿಡ್ಡವಾಗಿರಲಿ.

ಇನ್ನೂರರ ನಂತರ

ಮೊದಲ ಬಳಕೆಯ ವಸ್ತುವಾಗಿ ವರ್ಕ್‌ಶಾಪಿಗೊಂದು ಮೇಜು ಅಥವಾ ಸ್ಟೂಲು ಮಾಡಿ. ಇದಕ್ಕೆ ಬಳಸುವ ಚೌಕ ಪೈಪು ಹೆಚ್ಚಾಗಿ 16 ಗೇಜಿನದು, ಅಂದರೆ 1.6 ಮಿಲಿಮೀಟರ್. ಇಲ್ಲಿ ಎಲ್ಲರೂ ತೂತು ಬೀಳಿಸುತ್ತಾರೆ. 55–65 ಆಂಪಿಯರ್, ರಾಡು ಮೈನಸ್‌ಗೆ, ಸಂದು ಸ್ವಲ್ಪವೂ ಇಲ್ಲದಂತೆ ಕೂಡಿಸಿದ ಅಂಚು, ಒಂದು ಅಂಗುಲದಷ್ಟು ಹಾಕಿ ಎದುರು ಬದಿಗೆ ಹೋಗುವುದು, ಇಷ್ಟನ್ನು ಪಾಲಿಸಿದರೆ ತೂತು ಕಡಿಮೆಯಾಗುತ್ತದೆ. ಬಿದ್ದ ತೂತನ್ನು ಒಂದೇ ಸಮ ತುಂಬಲು ಹೋಗಬೇಡಿ. ಒಂದು ಚುಕ್ಕೆ ಹಾಕಿ, ಕೆಂಪು ಆರುವವರೆಗೆ ಕಾದು, ಅಂಚಿನಿಂದ ಮತ್ತೊಂದು ಹಾಕಿ.

ಮಹಡಿಯ ರೇಲಿಂಗು, ಟ್ರೇಲರಿನ ಕೊಂಡಿ, ಸ್ಕೂಟರಿನ ಚೌಕಟ್ಟು, ಮನುಷ್ಯನ ಭಾರ ಎತ್ತರದಲ್ಲಿ ನಿಲ್ಲುವ ಯಾವ ವಸ್ತುವನ್ನೂ, ನೆಂಟರು ಎಷ್ಟೇ ಪ್ರೀತಿಯಿಂದ ಕೇಳಿದರೂ, ಈ ಹಂತದಲ್ಲಿ ಒಪ್ಪಿಕೊಳ್ಳಬೇಡಿ. ಬಾಹಾ ಎಸ್‌ಎಇಯಂತಹ ವಿದ್ಯಾರ್ಥಿ ವಾಹನ ಸ್ಪರ್ಧೆಯ ತಂಡಗಳಲ್ಲಿ ಇರುವವರಿಗೆ ರೋಲ್ ಕೇಜಿಗೆ (ವಾಹನ ಮಗುಚಿದಾಗ ಚಾಲಕನನ್ನು ಕಾಯುವ ಕೊಳವೆಯ ಚೌಕಟ್ಟಿಗೆ) ಬೆಸುಗೆ ಹಾಕುವ ಆಸೆ ಸಹಜವಾದದ್ದು. ಆ ಸ್ಪರ್ಧೆಯ ನಿಯಮಗಳೇ ಇದಕ್ಕೊಂದು ಅಳತೆ ಕೊಟ್ಟಿವೆ: ಚೌಕಟ್ಟಿಗೆ ಬೆಸುಗೆ ಹಾಕುವ ವ್ಯಕ್ತಿಯು ಅದೇ ಕೊಳವೆಯಿಂದ ಎರಡು ಮಾದರಿ ಜೋಡಣೆಗಳನ್ನು ಮಾಡಬೇಕು, ಒಂದನ್ನು ಮುರಿದು ಮತ್ತೊಂದನ್ನು ಸೀಳಿ ಒಳಗಿನ ಬೆಸುಗೆಯನ್ನು ತೋರಿಸಬೇಕು. ನೀವು ಮಾಡಿದ ಮಾದರಿಯಲ್ಲಿ ಬೆಸುಗೆಯ ಬದಲು ಪಕ್ಕದ ಕೊಳವೆಯೇ ಹರಿಯುವ ತನಕ ಕೇಜಿನ ಬೆಸುಗೆಯನ್ನು ಅರ್ಹತೆ ಪಡೆದ ವೆಲ್ಡರಿಗೆ ಬಿಟ್ಟು, ನೀವು ಕೊಳವೆಯ ಬಾಯಿಯನ್ನು ಮೀನಿನ ಬಾಯಿಯಂತೆ ಕೊರೆದು ಸಂದಿಲ್ಲದೆ ಕೂಡಿಸುವ ಕೆಲಸವನ್ನು ವಹಿಸಿಕೊಳ್ಳಿ.